ದುರ್ಬೀನುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು?



ಗೃಹಸ್ಥನ ಮನೆಗೆ ವಸ್ತುಗಳು ಒಳಗೆ ಬರಲಿಕ್ಕೆ ಹತ್ತು ದಾರಿಗಳಿರುವವು; ಹೊರಗೆ ಹೋಗಲಿಕ್ಕೆ ಒಂದೂ ಇರುವದಿಲ್ಲ. ಅಜ್ಜನ ಕಾಲದ ತಾಮ್ರದ ಹಂಡೆ, ಕಾಲು ಮುರಿದ ಕುರ್ಚಿ, ಕೀಲಿಕೈ ಕಳೆದ ಪೆಟ್ಟಿಗೆ ಮೊದಲಾದವು ಅಟ್ಟವನ್ನೇರಿ ಅಲ್ಲಿಯೇ ಮುಪ್ಪಾಗುವವು. ನಮ್ಮ ಅಟ್ಟದಲ್ಲಿ ಇವುಗಳ ಜತೆಗೆ ದುರ್ಬೀನುಗಳೂ ಸೇರಿಕೊಂಡಿದ್ದವೆಂಬದೊಂದೇ ವಿಶೇಷ. ಆಕಾಶವನ್ನು ನೋಡುವ ಗೀಳು ನಮಗೆ ತಗಲಿ ನಾಲ್ವತ್ತು ವರ್ಷಗಳ ಮೇಲಾಯಿತು. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡಲದಂಡೆಯನ್ನು ಹಾಯ್ದು ಒಳನಾಡಿಗೆ ಹೋದಾಗ ಎಷ್ಟೋ ಜನರು ಕದವಿಕ್ಕಿಕೊಂಡು ಒಳಗೆ ಕುಳಿತಿದ್ದರು; ನಾವೂ ನಮ್ಮ ತಮ್ಮನೂ ದಂಡೆಯ ಮೇಲೆ ನಿಂತು ಹಗಲಿನಲ್ಲಿಯೇ ಶುಕ್ರನನ್ನು ಕಂಡೆವು. ಅಂದಿನಿಂದ ಆ ಗೀಳು ಬಿಟ್ಟಿಲ್ಲ.

ಈ ವರ್ಷ ಕುಮಟೆಯ ಹಳೆಯ ಮನೆಯನ್ನು ಬಿಟ್ಟು ಎರಡೇ ಕೋಣೆಗಳ ಮನೆಗೆ ಹೋಗುವ ಪ್ರಸಂಗವು ನಮಗೆ ಒದಗಿತು. ಸಾಮಾನುಗಳನ್ನು ಬೇರ್ಪಡಿಸುವಾಗ ನಮ್ಮ ಗೃಹಿಣಿಯು, “ಪಾತ್ರೆಗಳಲ್ಲಿ ಅರ್ಧವನ್ನು ನಾನು ಬಿಡುತ್ತೇನೆ, ದುರ್ಬೀನುಗಳಲ್ಲಿ ಅರ್ಧವನ್ನು ನೀವು ಬಿಡಿರಿ” ಎಂದಳು. ನ್ಯಾಯವಾದ ಮಾತಿಗೆ ಉತ್ತರವಿಲ್ಲ. ಒಪ್ಪಿದೆವು. ಆದರೆ ಯಾವ ಅರ್ಧ? ಈ ಪ್ರಶ್ನೆಯು ನಮ್ಮನ್ನು ಒಂದು ತಿಂಗಳು ಕಾಡಿತು. ಇಂಥ ಪ್ರಶ್ನೆಯು ವೀಣೆ, ಹೊಲಿಗೆಯಂತ್ರ, ಗ್ರಂಥಸಂಗ್ರಹ ಇವುಗಳ ವಿಷಯವಾಗಿ ವಾಚಕರಲ್ಲಿ ಅನೇಕರಿಗೆ ಬಂದಿರಬಹುದಾದ್ದರಿಂದ ನಮ್ಮ ಅನುಭವವನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ಆಸ್ತಿಯ ಪಟ್ಟಿಯನ್ನು ಕೊಡುವೆವು. ಶಿಕ್ಷಕವೃತ್ತಿಯ ನಿಮಿತ್ತವಾಗಿ ಭಟ್ಕಳ, ಹೊನ್ನಾವರ, ಕುಮಟೆ ಈ ಮೂರೂ ಊರುಗಳಲ್ಲಿ ನಾವು ವಾಸಿಸಿದ್ದು, ಒಂದೊಂದು ಊರು ಒಂದೊಂದು ದುರ್ಬೀನನ್ನು ನಮ್ಮ ಕೊರಳಿಗೆ ಕಟ್ಟಿತು. ಭಟ್ಕಳದಲ್ಲಿದ್ದಾಗ, 1986ರಲ್ಲಿ, ಹ್ಯಾಲಿಯ ಧೂಮಕೇತುವಿನ ನೆವದಿಂದ 60 ಮಿಲಿಮೀಟರು ಅಗಲದ ಮಸೂರವುಳ್ಳ ಸಣ್ಣ ದುರ್ಬೀನನ್ನು ಕಂತಿನ ಮೇಲೆ ಕೊಂಡೆವು. ಧೂಮಕೇತುವು ತನ್ನ ಕೀರ್ತಿಗೆ ತಕ್ಕಂತೆ ಕಾಣಿಸಲಿಲ್ಲ; ಇನ್ನು 2061ರಲ್ಲಿ ಬರುವದು. ದುರ್ಬೀನು ಮಾತ್ರ ಉಳಿಯಿತು. ಹೊನ್ನಾವರದಲ್ಲಿ ನಾವೂ ತಮ್ಮನೂ ಕೂಡಿ 150 ಮಿಲಿಮೀಟರಿನ ಕನ್ನಡಿಯನ್ನು ಕೈಯಿಂದಲೇ ಉಜ್ಜಿ ಒಂದು ದುರ್ಬೀನನ್ನು ಕಟ್ಟಿದೆವು. ನಿವೃತ್ತರಾದ ಮೇಲೆ ಕುಮಟೆಯಲ್ಲಿ, ಕೈಯಲ್ಲಿ ಒಮ್ಮೆಲೆ ಹಣ ಬಂದಾಗ ಮನುಷ್ಯನಿಗೆ ಬರುವ ಬುದ್ಧಿಯಂತೆ, 200 ಮಿಲಿಮೀಟರಿನ ದೊಡ್ಡ ಯಂತ್ರವನ್ನು ತರಿಸಿದೆವು. ಅದಕ್ಕೆ ಮೋಟಾರುಗಳುಂಟು, ಗುಂಡಿಯೊತ್ತಿದರೆ ತಾನೇ ಗ್ರಹವನ್ನು ಹುಡುಕುವದು. ಇವಲ್ಲದೆ ಎರಡೂ ಕಣ್ಣುಗಳಿಂದ ನೋಡುವ, ಹತ್ತು ಪಟ್ಟು ಹಿಗ್ಗಿಸುವ ಕೈದುರ್ಬೀನೊಂದು. ಹೀಗೆ ನಾಲ್ಕು.

ಲೆಕ್ಕವನ್ನು ಕೇಳಿದರೆ ಉತ್ತರವು ಸುಲಭವಾಗಿದೆ. ದುರ್ಬೀನು ಕೂಡಿಹಾಕುವ ಬೆಳಕು ಅದರ ಅಗಲದ ವರ್ಗಕ್ಕೆ ಅನುಸಾರವಾಗಿರುವದು. 60 ಮಿಲಿಮೀಟರಿನದಕ್ಕಿಂತ 150ರದು ಆರೂಕಾಲು ಪಟ್ಟು, 200ರದು ಹನ್ನೊಂದು ಪಟ್ಟು ಬೆಳಕನ್ನು ಹಿಡಿಯುವದು. ಆದುದರಿಂದ ದೊಡ್ಡದನ್ನಿಟ್ಟು ಚಿಕ್ಕದನ್ನು ಮಾರತಕ್ಕದ್ದು. ನಾವೂ ಹಾಗೆಯೇ ನಿಶ್ಚಯಿಸಿ ಚಿಕ್ಕದನ್ನು ಒರೆಸಿಡಹತ್ತಿದ್ದೆವು. ಅಷ್ಟರಲ್ಲಿ ನಮ್ಮ ವೀಕ್ಷಣೆಯ ದಿನಚರಿಯು ಕೈಗೆ ಸಿಕ್ಕಿತು. ಕಳೆದ ಎರಡು ವರ್ಷಗಳ ಪುಟಗಳನ್ನು ತಿರುವಿ ನೋಡಿದರೆ ನಾಚಿಕೆಯಾಯಿತು. ಕೈದುರ್ಬೀನು ಬಹುತೇಕ ಪ್ರತಿ ವಾರವೂ ಹೊರಗೆ ಹೋಗಿತ್ತು. ಚಿಕ್ಕದು ತಿಂಗಳಿಗೆ ಒಂದೆರಡು ಸಾರೆಯಾದರೂ ಅಂಗಳವನ್ನು ಕಂಡಿತ್ತು. ದೊಡ್ಡದರ ರಾತ್ರಿಗಳು ಒಂದು ಕೈಯ ಬೆರಳುಗಳಿಗೆ ಮುಗಿದವು. ತಮ್ಮನೊಡನೆ ಕಟ್ಟಿದ್ದು ಒಂದು ರಾತ್ರಿಯೂ ಹೊರಬಂದಿರಲಿಲ್ಲ.

ಕಾರಣವು ಗೂಢವಾದದ್ದಲ್ಲ. ದೊಡ್ಡ ಯಂತ್ರವನ್ನು ಮೂರು ಭಾಗ ಮಾಡಿ ಹೊರಬೇಕು; ಹೊರಗಿನ ಗಾಳಿಗೆ ಕನ್ನಡಿಯು ಹೊಂದಿಕೊಳ್ಳುವವರೆಗೆ ಕಾಯಬೇಕು; ಆಮೇಲೆ ಧ್ರುವನ ದಿಕ್ಕಿಗೆ ತಿರುಗಿಸಿ ಅಣಿಗೊಳಿಸಬೇಕು. ಇಷ್ಟಾಗುವಷ್ಟರಲ್ಲಿ ಕಡಲಕಡೆಯಿಂದ ಮೋಡವೊಂದು ನಮ್ಮ ವಿಚಾರಣೆಗಾಗಿಯೇ ಎಂಬಂತೆ ಬಂದು ನಿಲ್ಲುವದು. ಚಿಕ್ಕದನ್ನಾದರೋ ಒಂದೇ ಕೈಯಲ್ಲಿ ಹಿಡಿದು ಹೊರಡಬಹುದು. ಮೋಡದ ಎರಡು ತುಣುಕುಗಳ ನಡುವೆ ಶನಿಯ ಉಂಗುರವನ್ನು ನೋಡಿಕೊಂಡು ಒಳಗೆ ಬಂದು ಊಟಕ್ಕೆ ಕೂಡ್ರಬಹುದು. 1610ರ ಜನವರಿಯಲ್ಲಿ ಗೆಲಿಲಿಯೋ ಗುರುವಿನ ಉಪಗ್ರಹಗಳನ್ನು ಕಂಡದ್ದು ಸುಮಾರು ಇಪ್ಪತ್ತು ಪಟ್ಟು ಹಿಗ್ಗಿಸುವ ಕೊಳವೆಯಿಂದ. ನಮ್ಮ ಚಿಕ್ಕದು ಅದಕ್ಕಿಂತ ಎಷ್ಟೋ ಮೇಲು.

ಇನ್ನೊಂದು ಕಾರಣವು ನಮ್ಮ ಸೀಮೆಯದೇ. ಈ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವದು. ಅದರ ಬಹುಭಾಗವು ಜೂನದಿಂದ ಸಪ್ಟಂಬರದವರೆಗಿನ ನಾಲ್ಕು ತಿಂಗಳುಗಳಲ್ಲಿ. ಆಕಾಶದ ದೊಡ್ಡ ಸಮಾರಂಭಗಳೂ ನಮ್ಮ ಮೇಲೆ ಹಗೆ ಸಾಧಿಸುವಂತೆ ಮಳೆಗಾಲವನ್ನೇ ಆರಿಸಿಕೊಂಡವು. ಗುರುವಿನ ಮೇಲೆ ಧೂಮಕೇತುವಿನ ತುಣುಕುಗಳು ಬಿದ್ದದ್ದು 1994ರ ಜುಲೈಯಲ್ಲಿ. ಮಂಗಳನು ಅತಿ ಸಮೀಪಕ್ಕೆ ಬಂದದ್ದು 2003ರ ಆಗಸ್ಟಿನಲ್ಲಿ. ಶುಕ್ರನು ಸೂರ್ಯಬಿಂಬವನ್ನು ದಾಟಿದ್ದು 2004ರ ಜೂನ 8ರಂದು. ಇದನ್ನು ಹೇಗಾದರೂ ಸಹಿಸಬಹುದು. ಸಹಿಸಲಾರದ್ದು ಬೂಷ್ಟು. ಮುಚ್ಚಿಟ್ಟ ಪೆಟ್ಟಿಗೆಯೊಳಗಿನ ತೇವಕ್ಕೆ ಅದು ಮಸೂರದ ಮೇಲೆ ಜೇಡರ ಬಲೆಯಂತೆ ಹಬ್ಬಿ, ಲೇಪವನ್ನು ತಿಂದು, ಕಡೆಗೆ ಗಾಜನ್ನೇ ಕೊರೆಯುವದು. ಉಪ್ಪುಗಾಳಿಯು ತಿರುಪುಗಳನ್ನು ತುಕ್ಕುಹಿಡಿಸುವದು, ಕನ್ನಡಿಯ ಹೊಳಪನ್ನು ಕೆಡಿಸುವದು. ಬಯಲುಸೀಮೆಯವರು ಒಂದು ವಸ್ತುವನ್ನು ಇಟ್ಟು ಮರೆತರೆ ಅದು ಇದ್ದಂತೆಯೇ ಇರಬಹುದು. ನಮ್ಮಲ್ಲಿ ಇಟ್ಟು ಮರೆಯುವದೆಂದರೆ ಬೂಷ್ಟಿಗೆ ಬಿಟ್ಟಿಯಾಗಿ ಮಾರಿದಂತೆಯೇ ಸರಿ.

ಈ ಸತ್ಯವನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ತಮ್ಮನು ತೀರಿಕೊಂಡು ಒಂಬತ್ತು ವರ್ಷಗಳಾದವು. ಹೊನ್ನಾವರದ ಮನೆಯ ಹಿಂದಿನ ಜಗಲಿಯಲ್ಲಿ ಒಂದು ಪೀಪಾಯಿಯ ಮೇಲೆ ಗಾಜಿನ ಬಿಲ್ಲೆಯನ್ನು ಬಿಗಿದು, ಮೇಲೆ ಇನ್ನೊಂದನ್ನಿಟ್ಟು, ನಡುವೆ ಕಾರ್ಬೊರಂಡಮ್ಮಿನ ಪುಡಿಯನ್ನೂ ನೀರನ್ನೂ ಹಾಕಿ ನಾವಿಬ್ಬರೂ ಸರತಿಯಿಂದ ತಿಕ್ಕುತ್ತಿದ್ದೆವು. ಹೀಗೆ ತಿಕ್ಕುತ್ತ ಹೋದರೆ ಮೇಲಿನ ಬಿಲ್ಲೆಯು ಬಟ್ಟಲಿನಂತೆ ಕುಳಿಯುವದು, ಕೆಳಗಿನದು ಉಬ್ಬುವದು. ಕಡೆಯ ಮೆರುಗಿನ ಕೆಲಸದಲ್ಲಿ ತಪ್ಪು ಒಂದು ಮಿಲಿಮೀಟರಿನ ಹತ್ತುಸಾವಿರದಲ್ಲೊಂದಂಶಕ್ಕೂ ಕಡಿಮೆಯಿರಬೇಕು. ಅದನ್ನು ಒಂದು ದೀಪ ಹಾಗೂ ಕ್ಷೌರದ ಅಲಗು ಇವುಗಳಿಂದ ಪರೀಕ್ಷಿಸುವರು. ನಮ್ಮ ಕೈ ಅವಸರದ್ದು. ತಮ್ಮನ ಕೈ ನಿಧಾನದ್ದು. ಕನ್ನಡಿಯು ಸರಿಯಾದದ್ದು ಅವನಿಂದಲೇ. ಅವನು ಹೋದ ಮೇಲೆ ನಾವು ಆ ದುರ್ಬೀನನ್ನು ಹಳೆಯ ರೇಶಿಮೆ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೇರಿಸಿದೆವು. ಜೋಪಾನ ಮಾಡುತ್ತಿರುವೆವೆಂದೇ ತಿಳಿದಿದ್ದೆವು.

ಈ ಸಲ ಪೆಟ್ಟಿಗೆಯನ್ನು ಇಳಿಸಿ ತೆರೆದರೆ ಕನ್ನಡಿಯು ಕುಷ್ಠ ಹಿಡಿದಂತೆ ಕಲೆಕಲೆಯಾಗಿತ್ತು. ಬಹಳ ಹೊತ್ತು ಸುಮ್ಮನೆ ಕುಳಿತೆವು. ಗೃಹಿಣಿಯು ಬಂದು ನೋಡಿ, “ಭರಣಿಯಲ್ಲಿಟ್ಟ ಉಪ್ಪಿನಕಾಯಿಯನ್ನೂ ಆಗಾಗ ತೆಗೆದು ನೋಡಬೇಕಾಗುತ್ತದೆ” ಎಂದಷ್ಟೇ ಹೇಳಿದಳು.

ಆದರೆ ವಾಚಕರೇ, ಕನ್ನಡಿಯ ವಿಷಯದಲ್ಲಿ ಒಂದು ಸಮಾಧಾನವುಂಟು. ಹೊಳೆಯುವದು ಗಾಜಲ್ಲ, ಅದರ ಮೇಲಿನ ಅಲ್ಯೂಮಿನಿಯಮ್ಮಿನ ತೆಳ್ಳನೆಯ ಲೇಪ. ಆ ಲೇಪವನ್ನು ತೊಳೆದು ತೆಗೆದು, ಗಾಳಿಯನ್ನು ಹೊರಗೆಳೆದ ಪಾತ್ರೆಯಲ್ಲಿ ಹೊಸ ಲೇಪವನ್ನು ಕೊಡಿಸಬಹುದು. ಗಾಜಿಗೆ ಉಜ್ಜಿದ ಕೈ ಕೊಟ್ಟ ಆಕಾರವು ಲೇಪದೊಡನೆ ಹೋಗುವದಿಲ್ಲ. ನಮ್ಮ ಕನ್ನಡಿಯನ್ನು ನಗರಕ್ಕೆ ಕಳಿಸಿದೆವು; ಹೊಸದಾಗಿ ಬಂದಿತು. ತಮ್ಮನ ನಿಧಾನವು ಅದರಲ್ಲಿ ಹಾಗೆಯೇ ಇದ್ದಿತು.

ಈಗ ಅದನ್ನು ಏನು ಮಾಡತಕ್ಕದ್ದು? ಮಾರಲಿಕ್ಕೆ ಮನಸ್ಸಿಲ್ಲ, ಇಟ್ಟುಕೊಂಡರೆ ಮತ್ತೆ ಅದೇ ಗತಿ. ಆಗ ನಮಗೆ ವಂಗದೇಶದ ರಾಧಾಗೋವಿಂದ ಚಂದ್ರರ ಕಥೆಯು ನೆನಪಾಯಿತು. ಅವರು ಜೆಸ್ಸೋರದ ಖಜಾನೆಯಲ್ಲಿ ಸಾಮಾನ್ಯ ನೌಕರರು. ಮೂರು ಅಂಗುಲದ ಸಣ್ಣ ದುರ್ಬೀನನ್ನು ಕೊಂಡು, ಬೆಳಕು ಏರಿಳಿಯುವ ನಕ್ಷತ್ರಗಳನ್ನು ರಾತ್ರಿ ರಾತ್ರಿ ನೋಡಿ ಅಮೇರಿಕೆಯ ವೀಕ್ಷಕರ ಸಂಘಕ್ಕೆ ಬರೆದು ಕಳಿಸುತ್ತಿದ್ದರು. ಆ ಸಂಘದವರು 1920ರ ದಶಕದಲ್ಲಿ ಆರು ಅಂಗುಲದ ದುರ್ಬೀನೊಂದನ್ನು ಅವರ ಬಳಕೆಗಾಗಿ ಕಡಲಾಚೆಯಿಂದ ಕಳಿಸಿಕೊಟ್ಟರು. ಚಂದ್ರರು ಒಟ್ಟು 37 ಸಾವಿರಕ್ಕೂ ಮಿಕ್ಕಿದ ವೀಕ್ಷಣೆಗಳನ್ನು ಮಾಡಿದರು. ದೇಶವು ಒಡೆದ ಮೇಲೆ ಅವರು ಜೆಸ್ಸೋರವನ್ನು ಬಿಟ್ಟು ಬಾರಾಸತಕ್ಕೆ ಬಂದರು. ವೃದ್ಧರಾದ ಮೇಲೆ ಆ ದುರ್ಬೀನನ್ನು ಪೆಟ್ಟಿಗೆಯಲ್ಲಿ ಕಟ್ಟಿಡಲಿಲ್ಲ; ಅದು ತರುಣ ಖಗೋಲಜ್ಞರಾದ ವೇಣು ಬಾಪು ಅವರ ಕೈಸೇರಿತು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನೂ ಕಾವಲೂರಿನ ವೇಧಶಾಲೆಯನ್ನೂ ಬೆಳೆಸಿದವರು ಇವರೇ. ದುರ್ಬೀನಿಗೆ ಒಡೆಯನೆಂಬವನಿಲ್ಲ, ಸರತಿಯವರಿದ್ದಾರೆ ಎಂದು ನಮಗೆ ತೋರಿತು.

ತಮ್ಮನ ಮಗಳು ಹೊನ್ನಾವರದಲ್ಲಿ ಕಾಲೇಜಿಗೆ ಹೋಗುತ್ತಾಳೆ. ಸಾಮಾನು ಕಟ್ಟುವ ದಿನ ಬಂದಿದ್ದವಳು ಕನ್ನಡಿಯ ಪೆಟ್ಟಿಗೆಯ ಮುಂದೆ ನಿಂತು, “ದೊಡ್ಡಪ್ಪ, ಇದನ್ನು ಮಾರುವದಾದರೆ ಮೊದಲು ನನಗೆ ಹೇಳಿ” ಎಂದಳು. ಇಷ್ಟು ವರ್ಷ ಅವಳನ್ನು ಒಂದು ಮಾತು ಕೇಳಲಿಲ್ಲವೆಂಬದೇ ನಮ್ಮ ತಪ್ಪು. ತಂದೆಯ ನೆನಪನ್ನು ನಾವು ಅವಳಿಂದಲೇ ಮುಚ್ಚಿಟ್ಟಿದ್ದೆವು.

ಕಡೆಗೆ ಆದ ನಿರ್ಣಯವು ಹೀಗಿದೆ: ಕೈದುರ್ಬೀನೂ ಭಟ್ಕಳದ ಚಿಕ್ಕದೂ ನಮ್ಮಲ್ಲಿ ಉಳಿದವು. ಹೊನ್ನಾವರದ್ದು ಹೊನ್ನಾವರಕ್ಕೇ ಮರಳಿತು. ಕುಮಟೆಯ ದೊಡ್ಡದು ಘಟ್ಟದ ಮೇಲಿನ ಬಯಲುಸೀಮೆಗೆ, ಗದಗದ ಕಡೆಯ ಶಿಕ್ಷಕರೊಬ್ಬರಿಗೆ ಮಾರಾಟವಾಯಿತು. ಅಲ್ಲಿಯ ಗಾಳಿ ಒಣಗಿದ್ದು, ಹೊರಲಿಕ್ಕೆ ಹುಡುಗರಿದ್ದಾರೆ.

ಮಾರುವ ಪ್ರಸಂಗ ಬಂದ ವಾಚಕರಿಗೆ ನಾಲ್ಕು ಮಾತುಗಳನ್ನು ಹೇಳುವದು ಉಚಿತ. ಮೊದಲನೆಯದಾಗಿ, ಬೆಲೆಯನ್ನೂ ಅಗಲವನ್ನೂ ನೋಡುವ ಮುಂಚೆ, ಕಳೆದ ಎರಡು ವರ್ಷಗಳಲ್ಲಿ ಅದು ಎಷ್ಟು ರಾತ್ರಿ ಹೊರಗೆ ಹೋಗಿತ್ತೆಂಬದನ್ನು ಪ್ರಾಮಾಣಿಕವಾಗಿ ಎಣಿಸಿರಿ. ಎರಡನೆಯದು, ದೋಷಗಳನ್ನು ಮುಚ್ಚಬೇಡಿರಿ. ನಮ್ಮ ದೊಡ್ಡ ಕನ್ನಡಿಯ ಅಂಚಿನಲ್ಲಿ ಎರಡು ಕಲೆಗಳಿದ್ದವು. ಹೇಳದಿದ್ದರೆ ನಡೆಯುತ್ತಿತ್ತೆಂಬ ದುರಾಲೋಚನೆಯೂ ಒಂದು ಗಳಿಗೆ ಬಂದಿತು. ಬರೆದು ತಿಳಿಸಿದೆವು, ಬೆಲೆ ಇಳಿಯಿತು, ನಿದ್ದೆ ಸುಖವಾಗಿ ಬಂದಿತು. ಮೂರನೆಯದು ಅತ್ಯಂತ ಮುಖ್ಯವಾದದ್ದು: ಹಳೆಯ ಸಣ್ಣ ದುರ್ಬೀನುಗಳ ಜತೆಗೆ, ಕಣ್ಣಿಡುವ ತುದಿಗೆ ತಿರುಗಿಸಿ ಕೂಡ್ರಿಸುವ ಕಪ್ಪು ಗಾಜೊಂದು ಸೂರ್ಯನನ್ನು ನೋಡಲಿಕ್ಕೆಂದು ಬರುತ್ತಿತ್ತು. ಅದು ಬಿಸಿಲಿನ ಕಾವಿಗೆ ಒಮ್ಮೆಲೆ ಸೀಳಿ ಕಣ್ಣನ್ನು ಕಳೆಯಬಲ್ಲದು. ಅದನ್ನು ಮಾರಲೂ ಬೇಡಿರಿ, ಮಕ್ಕಳ ಕೈಗೆ ಕೊಡಲೂ ಬೇಡಿರಿ, ಒಡೆದು ಹುಗಿದುಬಿಡಿರಿ. ನಾಲ್ಕನೆಯದು, ಉಳಿಸಿಕೊಂಡದ್ದನ್ನು ಚರ್ಮದ ಚೀಲದಲ್ಲಿಡದೆ, ಬಿಗಿಯಾದ ಮುಚ್ಚಳದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ಲಿನ ಹರಳುಗಳೊಡನೆ ಇಟ್ಟು, ಹರಳುಗಳನ್ನು ಆಗಾಗ ಬಿಸಿಮಾಡಿ ಒಣಗಿಸಿಕೊಳ್ಳಿರಿ. ಮಳೆಗಾಲದಲ್ಲಿಯೂ ಬಿಸಿಲು ಬಿದ್ದ ದಿನ ಪೆಟ್ಟಿಗೆಯನ್ನು ತೆರೆದು ನೋಡಿರಿ.

ಮನೆ ಬದಲಿಸಿದ ಮೇಲೆ, ಮೇ ತಿಂಗಳ ಮೊದಲ ವಾರದ ಒಂದು ಕತ್ತಲೆಯ ರಾತ್ರಿ, ಹೊನ್ನಾವರದ ಕಾಸರಕೋಡಿನ ದಂಡೆಗೆ ಹೋದೆವು. ಪಶ್ಚಿಮಕ್ಕೆ ಮೀನುದೋಣಿಗಳ ದೀಪಗಳು. ದಕ್ಷಿಣಕ್ಕೆ ಆಕಾಶವು ಇನ್ನೂ ಕಪ್ಪಾಗಿತ್ತು. ಹನ್ನೊಂದು ಗಂಟೆಯ ಸುಮಾರಿಗೆ ಕಿನ್ನರ ಪುಂಜದ ಮಹಾಗುಚ್ಛವು ನಡುಬಾನಿಗೆ ಬಂದಿತು. ಅದು ಸುಮಾರು 17 ಸಾವಿರ ಜ್ಯೋತಿರ್ವರ್ಷಗಳಷ್ಟು ದೂರವಿದ್ದು, ಉತ್ತರ ದೇಶದವರಿಗೆ ಕಾಣದೆ, ನಮ್ಮ ಸೀಮೆಯವರಿಗೆ ಸುಲಭವಾಗಿ ಕಾಣುವಂಥದು. ನಮ್ಮ ಚಿಕ್ಕ ದುರ್ಬೀನಿನಲ್ಲಿ ಅದು ಹತ್ತಿಯ ಉಂಡೆಯಂತೆ ಮಬ್ಬಾಗಿತ್ತು. ಹುಡುಗಿಯು ತನ್ನದರಲ್ಲಿ ಬಹಳ ಹೊತ್ತು ನೋಡುತ್ತಿದ್ದಳು. “ಏನು ಕಾಣುತ್ತದೆ?” ಎಂದೆವು. “ಉಪ್ಪು ಚೆಲ್ಲಿದ ಹಾಗೆ ಚುಕ್ಕೆಗಳು, ದೊಡ್ಡಪ್ಪ. ನೀವು ನೋಡಿ” ಎಂದು ಪಕ್ಕಕ್ಕೆ ಸರಿದಳು. ನಾವು ನೋಡಿದೆವು. ಒಂದೊಂದು ಚುಕ್ಕೆಯೂ ಬಿಡಿಬಿಡಿಯಾಗಿ ಕಂಡಿತು.

ವಾಚಕರ ಅಟ್ಟಗಳಲ್ಲಿ ಏನೇನಿವೆಯೋ ನಾವರಿಯೆವು. ಮಳೆ ಹಿಡಿಯುವ ಮುಂಚೆ ಒಮ್ಮೆ ಇಳಿಸಿ ನೋಡಿರೆಂದು ಮಾತ್ರ ನಮ್ಮ ವಿನಂತಿ.