ಕೆನಡಾದ ಕಾಡು ಸುಟ್ಟ ಮೇಲೆ ಅದೇ ಕಾಡು ಮತ್ತೆ ಬೆಳೆಯುತ್ತದೆಯೇ?

2023ರಲ್ಲಿ ಕೆನಡಾದಲ್ಲಿ ಸುಮಾರು 1.5 ಕೋಟಿ ಹೆಕ್ಟೇರ್ ಕಾಡು ಸುಟ್ಟಿತು. ಇಡೀ ಕರ್ನಾಟಕದ ವಿಸ್ತೀರ್ಣವೇ ಸುಮಾರು 1.92 ಕೋಟಿ ಹೆಕ್ಟೇರ್. ಆ ಜೂನ್‌ನಲ್ಲಿ ಹೊಗೆ ಗಡಿ ದಾಟಿ ನ್ಯೂಯಾರ್ಕ್‌ನ ಆಕಾಶವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿತು. ಆಗಸ್ಟ್‌ನಲ್ಲಿ ಉತ್ತರದ ಯೆಲ್ಲೋನೈಫ್ ಊರಿನ ಸುಮಾರು 20,000 ಜನ ಮನೆ ಬಿಟ್ಟು ಹೊರಡಬೇಕಾಯಿತು.

ಉತ್ತರದ ಈ ಕಾಡಿಗೆ ಬೆಂಕಿ ಹೊಸದಲ್ಲ. ಅಲ್ಲಿನ ಬ್ಲ್ಯಾಕ್ ಸ್ಪ್ರೂಸ್ ಮರದ ಕಾಯಿಗಳು ಬೆಂಕಿಯ ಶಾಖಕ್ಕೆ ಬಿರಿದು ಬೀಜ ಉದುರಿಸುತ್ತವೆ. ಸುಟ್ಟ ಜಾಗದಲ್ಲಿ ಅದೇ ಮರ ಮತ್ತೆ ಏಳುತ್ತಿತ್ತು. ಈಗ ಬದಲಾಗಿರುವುದು ಬೆಂಕಿಯ ಆಳ ಮತ್ತು ಅವಸರ.

ಬಿಸಿ ಗಾಳಿ ನೆಲದ ತೇವವನ್ನು ಹೆಚ್ಚು ಹೀರುತ್ತದೆ. ಪಾಚಿ, ಎಲೆ, ಬೇರುಗಳು ಶತಮಾನಗಳಿಂದ ಒಟ್ಟುಗೂಡಿದ ದಪ್ಪ ಪದರ ಒಣಗುತ್ತದೆ. ಅಲ್ಲಿ ಸಿಡಿಲು ಬಿದ್ದರೆ ಮರದ ಜೊತೆ ನೆಲವೂ ಉರಿಯುತ್ತದೆ. ಕಾಡ್ಗಿಚ್ಚು ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಮರದಿಂದ ಮರಕ್ಕೆ ಹಾರುವ ಬೆಂಕಿ. ಆದ್ದರಿಂದ ಅನುವಾದ ಮಾಡುವಾಗ ಆ ಪದ ನನಗೆ ಸಾಲುವುದಿಲ್ಲ. ಇದು ಬೂದಿ ಮುಚ್ಚಿದ ಕೆಂಡ: ಕೆಲವೆಡೆ ಚಳಿಗಾಲವಿಡೀ ಹಿಮದ ಕೆಳಗೆ ಕನಲುತ್ತಿದ್ದು, ವಸಂತದಲ್ಲಿ ಮತ್ತೆ ಭುಗಿಲೇಳುತ್ತದೆ.

ಆ ಪದರ ಸುಟ್ಟು ಮಣ್ಣು ಬಯಲಾದರೆ, ಗಾಳಿಯಲ್ಲಿ ಹಾರಿಬರುವ ಬರ್ಚ್, ಆಸ್ಪೆನ್ ಬೀಜಗಳು ಮೊದಲು ಬೇರೂರುತ್ತವೆ. ಎಳೆಯ ಸ್ಪ್ರೂಸ್ ಕಾಯಿ ಬಿಡುವ ವಯಸ್ಸಿಗೆ ಬರುವ ಮೊದಲೇ ಇನ್ನೊಮ್ಮೆ ಬೆಂಕಿ ಬಿದ್ದರೆ ಬೀಜವೇ ಇರುವುದಿಲ್ಲ. ಹೀಗೆ ಕಾಡಿನ ಜಾತಿಯೇ ಬದಲಾಗುತ್ತದೆ. ಎಲೆ ಉದುರಿಸುವ ಈ ಮರಗಳಿಗೆ ಬೆಂಕಿ ಅಷ್ಟು ಸುಲಭವಾಗಿ ಹತ್ತುವುದಿಲ್ಲ, ಅದೊಂದು ಸಮಾಧಾನ. ಆದರೆ ಬರ್ಚ್‌ನ ಪರಾಗ ಅಲರ್ಜಿಗೆ ಕುಖ್ಯಾತ. ಪಾಚಿಯ ಹೊದಿಕೆ ಹೋದಲ್ಲಿ ಅಡಿಯ ಹೆಪ್ಪುಗಟ್ಟಿದ ನೆಲವೂ ಕರಗಿ, ಹಿಡಿದಿಟ್ಟ ಇಂಗಾಲವನ್ನು ಗಾಳಿಗೆ ಬಿಡುತ್ತದೆ.

ಪುಣೆಯಲ್ಲೋ ಹೈದರಾಬಾದಿನಲ್ಲೋ ಕುಳಿತ ನಿಮಗೆ ಇದೆಲ್ಲ ಏಕೆ? ಕೆನಡಾದಲ್ಲಿರುವ ಮಕ್ಕಳ ಮನೆಗೆ ನಮ್ಮ ಅಪ್ಪ-ಅಮ್ಮಂದಿರು ಹೋಗುವುದು ಹೆಚ್ಚಾಗಿ ಮೇ ತಿಂಗಳಿಂದ ಸೆಪ್ಟೆಂಬರ್ ನಡುವೆ. ಬೆಂಕಿಯ ಕಾಲವೂ ಅದೇ. ಹೊಗೆಯಲ್ಲಿರುವ ಪಿಎಂ 2.5 ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಆಸ್ತಮಾ, ಸಿಒಪಿಡಿ, ಹೃದ್ರೋಗ ಇರುವವರಿಗೆ ಇದು ನೇರ ಅಪಾಯ. "ಅಲ್ಲಿ ಗಾಳಿ ಶುದ್ಧ" ಎಂದುಕೊಂಡು ಇನ್ಹೇಲರ್ ಬಿಟ್ಟು ಹೋಗುವುದು ಬೇಡ. ಪ್ರತಿದಿನದ ಇನ್ಹೇಲರ್ ಮತ್ತು ಉಬ್ಬಸ ಬಂದಾಗ ತಕ್ಷಣ ಬಳಸುವುದು, ಎರಡನ್ನೂ ಕೈಚೀಲದಲ್ಲೇ ಇಡಿ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ವೈದ್ಯರಿಂದ ಬರೆಸಿಕೊಳ್ಳಿ. ನಾವು ಸಾಲ್ಬ್ಯುಟಮಾಲ್ ಎನ್ನುವುದನ್ನು ಅಮೆರಿಕದಲ್ಲಿ ಆಲ್ಬ್ಯುಟೆರಾಲ್ ಎನ್ನುತ್ತಾರೆ. ಬಟ್ಟೆಯ ಮಾಸ್ಕ್ ಈ ಕಣಗಳನ್ನು ತಡೆಯುವುದಿಲ್ಲ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಬೇಕು.