ಬೆತ್ತ ಕೆಳಗಿಡಿಸೋಣ, ಮುಂದಿನ ಎಸ್‌ಡಿಎಂಸಿ ಸಭೆಗೆ ಬನ್ನಿ

ಇಂಡಿ ತಾಲ್ಲೂಕಿನ ತಂದೆ-ತಾಯಿಗಳೇ, ಅಜ್ಜ-ಆಯಿಗಳೇ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರೇ, ಮಾಸ್ತರರೇ, ಅಕ್ಕೋರೇ,

ಜೂನ್ ತಿಂಗಳಲ್ಲಿ ಮಗನ ಕೈ ಹಿಡಿದು ಸಾಲಿಗೆ ಬಿಡುವಾಗ ನಮ್ಮಲ್ಲಿ ಬಹಳ ಮಂದಿ ಮಾಸ್ತರರಿಗೆ ಹೇಳುವ ಮಾತೊಂದಿದೆ: “ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಸರ್, ನಾವೇನೂ ಕೇಳಂಗಿಲ್ಲ. ಹುಡುಗ ಶಾಣ್ಯಾ ಆದ್ರ ಸಾಕು.” ಪ್ರೀತಿಯಿಂದಲೇ ಹೇಳುತ್ತೇವೆ. ನಮಗೆ ದಕ್ಕದ ಓದು ಅವನಿಗಾದರೂ ದಕ್ಕಲಿ ಎಂಬ ಆಸೆ. ಆ ಮಾತನ್ನು ಇನ್ನು ಯಾರೂ ಆಡಬಾರದು ಎಂದು ಕೈಮುಗಿದು ಕೇಳಲು ಈ ಕರಪತ್ರ ಹಂಚುತ್ತಿದ್ದೇವೆ. ಪೆಟ್ಟು ತಿಂದ ಮಗು ಶಾಣ್ಯಾ ಆಗುವುದಿಲ್ಲ. ಸಾಲಿ ಬಿಡುತ್ತದೆ.

ಏಳರ ಮಗ್ಗಿ ಒಪ್ಪಿಸುವ ಹೊತ್ತಿನಲ್ಲಿ ಹಿಂದಿನ ಸಾಲಿನ ಹುಡುಗನನ್ನು ನೋಡಿ. ಮೇಜಿನ ಮೇಲೆ ಬೆತ್ತ ಇದೆ. ಅವನು ಏಳು ನಾಲ್ಕಲೆ ಎಷ್ಟು ಎಂದು ಯೋಚಿಸುತ್ತಿಲ್ಲ. ತನ್ನ ಪಾಳಿ ಬರಲು ಇನ್ನೂ ಎಷ್ಟು ಮಂದಿ ಉಳಿದಿದ್ದಾರೆ, ಅಷ್ಟರೊಳಗೆ ಗಂಟೆ ಹೊಡೆದೀತೇ ಎಂದು ಎಣಿಸುತ್ತಿದ್ದಾನೆ. ಅಂಗೈಯನ್ನು ಚಡ್ಡಿಗೆ ಉಜ್ಜಿಕೊಳ್ಳುತ್ತಿದ್ದಾನೆ. ರಾತ್ರಿ ಬಾಯಿಪಾಠವಾಗಿದ್ದ ಮಗ್ಗಿಯೂ ಪಾಳಿ ಬಂದಾಗ ನಾಲಗೆಗೆ ಬರುವುದಿಲ್ಲ. ಎರಡು ಏಟು ಬೀಳುತ್ತವೆ. ಮರುದಿನ ಹೊಟ್ಟೆನೋವು ಎಂದು ಮನೆಯಲ್ಲೇ ಉಳಿಯುತ್ತಾನೆ. ಆ ದಿನ ತಪ್ಪಿದ ಪಾಠಕ್ಕಾಗಿ ಮತ್ತೆರಡು ಏಟು ಕಾದಿರುತ್ತವೆ.

ನಮ್ಮ ತಾಲ್ಲೂಕಿನಲ್ಲಿ ಈ ಸುಳಿಗೆ ಮೊದಲು ಸಿಗುವವರು ಗುಳೆ ಹೋಗಿ ಬಂದ ಮಕ್ಕಳು. ದೀಪಾವಳಿ ಮುಗಿಯುತ್ತಿದ್ದಂತೆ ತಾಂಡಾಗಳಿಂದ, ಊರ ಅಂಚಿನ ಓಣಿಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೆ ಟ್ರ್ಯಾಕ್ಟರ್ ಹೊರಡುತ್ತವೆ. ಅಜ್ಜಿ ಇದ್ದ ಮನೆಯ ಮಕ್ಕಳು ಊರಲ್ಲಿ ಉಳಿಯುತ್ತಾರೆ, ಇಲ್ಲದವರು ಗಾಡಿ ಹತ್ತುತ್ತಾರೆ. ಹೀಗೆ ಹೋದ ಹುಡುಗಿ ಯುಗಾದಿಯ ಹೊತ್ತಿಗೆ ಮರಳಿ ಬಂದಾಗ ತರಗತಿ ಭಾಗಾಕಾರ ಮುಗಿಸಿ ಭಿನ್ನರಾಶಿಗೆ ಬಂದಿರುತ್ತದೆ. ಅವಳಿಗೆ ಬೇಕಾದದ್ದು ಬಿಟ್ಟುಹೋದ ಪಾಠ. ಸಿಗುವುದು “ಇಷ್ಟು ದಿನ ಎಲ್ಲಿ ಹೋಗಿದ್ದಿ?” ಎಂಬ ಗದರಿಕೆ ಮತ್ತು ಬಸ್ಕಿ. ಮುಂದಿನ ವರ್ಷ ಆ ಟ್ರ್ಯಾಕ್ಟರ್ ಹೊರಟಾಗ ಅವಳನ್ನು ಯಾರೂ ಎಳೆದೊಯ್ಯಬೇಕಿಲ್ಲ, ತಾನೇ ಹತ್ತಿ ಕೂಡುತ್ತಾಳೆ.

ದಂಡಂ ದಶಗುಣಂ ಎನ್ನುವವರು ಈ ಲೆಕ್ಕವನ್ನೂ ನೋಡಲಿ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ ಮಕ್ಕಳನ್ನು ಕೇಳಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿತು. ಶಾಲೆಗೆ ಹೋಗುವ ಪ್ರತಿ ಮೂವರಲ್ಲಿ ಇಬ್ಬರು ಪೆಟ್ಟು ತಿಂದಿದ್ದೇವೆ ಎಂದರು. ಅವಿಭಜಿತ ಆಂಧ್ರಪ್ರದೇಶ, ಪೆರು, ವಿಯೆಟ್ನಾಂ ಮತ್ತು ಇಥಿಯೋಪಿಯಾದಲ್ಲಿ ಒಂದೇ ಮಕ್ಕಳ ಗುಂಪನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ‘ಯಂಗ್ ಲೈವ್ಸ್’ ಅಧ್ಯಯನದಲ್ಲಿ, ನಮ್ಮ ನೆರೆಯ ಆಂಧ್ರದ 8 ವರ್ಷದ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಹಿಂದಿನ ಒಂದೇ ವಾರದಲ್ಲಿ ಶಿಕ್ಷಕರು ಹೊಡೆಯುವುದನ್ನು ಕಂಡಿದ್ದರು. ಪೆರುವಿನಲ್ಲಿ 8ರ ವಯಸ್ಸಿನಲ್ಲಿ ಪೆಟ್ಟು ತಿಂದ ಮಕ್ಕಳು 12ನೇ ವಯಸ್ಸಿಗೆ ಗಣಿತದಲ್ಲಿ ಉಳಿದವರಿಗಿಂತ ಹಿಂದೆ ಬಿದ್ದಿದ್ದರು. ಏಟಿನಿಂದ ಲೆಕ್ಕ ಬರುವುದೇ ಆಗಿದ್ದರೆ ಇಷ್ಟೊತ್ತಿಗೆ ನಮ್ಮ ಜಿಲ್ಲೆಯ ಹುಡುಗರೆಲ್ಲ ಗಣಿತದಲ್ಲಿ ನೂರಕ್ಕೆ ನೂರು ತೆಗೆಯಬೇಕಿತ್ತು.

ಕಾನೂನು ಈ ಮಾತನ್ನು ಎಂದೋ ಹೇಳಿದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಹಿಂಸೆ ಮಾಡುವುದನ್ನೂ ನಿಷೇಧಿಸಿದೆ. ತಪ್ಪಿದವರ ಮೇಲೆ ಸೇವಾ ನಿಯಮದಂತೆ ಶಿಸ್ತು ಕ್ರಮವಿದೆ. ಅಂದರೆ ಬೆತ್ತ, ಕಿವಿ ಹಿಂಡುವುದು, ಬಿಸಿಲಲ್ಲಿ ಮೊಣಕಾಲೂರಿಸುವುದು ಮಾತ್ರವಲ್ಲ, “ನಿಮ್ಮಪ್ಪ ಕಬ್ಬು ಕಡಿಯಾಂವ, ನೀನೂ ಅದನ್ನ ಮಾಡು” ಎಂದು ಎಲ್ಲರೆದುರು ಹಂಗಿಸುವುದೂ ತಪ್ಪು. “ಟಿ.ಸಿ. ಕೊಟ್ಟು ಕಳಿಸ್ತೀನಿ” ಎಂಬ ಬೆದರಿಕೆಗೂ ಅರ್ಥವಿಲ್ಲ. 16ನೇ ಕಲಮಿನ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಇದೇ ಕಾಯ್ದೆಯ 24ನೇ ಕಲಂ, ಪ್ರತಿ ಮಗು ಎಷ್ಟು ಕಲಿತಿದೆ ಎಂದು ನೋಡಿ ಬೇಕಾದಷ್ಟು ಹೆಚ್ಚಿನ ಪಾಠ ಹೇಳಬೇಕು, ಪಾಲಕರನ್ನು ಆಗಾಗ ಕರೆದು ಅದನ್ನು ತಿಳಿಸಬೇಕು ಎನ್ನುತ್ತದೆ. ಗುಳೆಯಿಂದ ಬಂದ ಹುಡುಗಿಗೆ ಸಲ್ಲಬೇಕಾದದ್ದು ಇದು.

ಶಿಕ್ಷೆಗೆ ಒಮ್ಮೆ ಬಾಗಿಲು ತೆರೆದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು 2023ರ ಡಿಸೆಂಬರಿನಲ್ಲಿ ಇಡೀ ರಾಜ್ಯ ನೋಡಿತು. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದರು. ವಿಡಿಯೊ ಹೊರಬಿದ್ದ ಮೇಲೆ ಬಂಧನಗಳಾದವು. ವಿಡಿಯೊ ಬರುವ ಮುಂಚೆ ಆ ಮಕ್ಕಳು ಯಾರಿಗೆ ಹೇಳಿಕೊಳ್ಳಬೇಕಿತ್ತು? ನಮ್ಮ ಮಕ್ಕಳು ಯಾರಿಗೆ ಹೇಳುತ್ತಾರೆ?

ಮನೆಯಲ್ಲಿ ಲಂಬಾಣಿ, ಮರಾಠಿ, ಉರ್ದು ಆಡುವ ಮಕ್ಕಳ ಬಾಯಿಂದ ಕನ್ನಡ ತಡವಿ ಬಂದರೆ ನಗುವ ರೂಢಿಯೂ ನಿಲ್ಲಬೇಕು. ಮೊನ್ನೆಮೊನ್ನೆಯವರೆಗೂ ಇಂಡಿ ತಾಲ್ಲೂಕಿನಲ್ಲೇ ಇದ್ದ ಹಲಸಂಗಿ ಊರಿನ ಗೆಳೆಯರು ಅಕ್ಷರ ಬಾರದ ಹೆಣ್ಣುಮಕ್ಕಳ ಮುಂದೆ ಕುಳಿತು, ಅವರ ಹಾಡುಗಳನ್ನು ನಗದೆ ಕಿವಿಗೊಟ್ಟು ಕೇಳಿ ಬರೆದುಕೊಂಡಿದ್ದರಿಂದಲೇ 1931ರಲ್ಲಿ ‘ಗರತಿಯ ಹಾಡು’ ಕನ್ನಡಕ್ಕೆ ಸಿಕ್ಕಿತು. ಆ ಗೆಳೆಯರಲ್ಲಿ ಒಬ್ಬರಾದ ಚಡಚಣದ ಸಿಂಪಿ ಲಿಂಗಣ್ಣ ಸಾಲಿ ಮಾಸ್ತರರಾಗಿದ್ದರು. ನಮ್ಮ ಭೀಮಾ ತೀರ ಎಂದರೆ ಹೊರಗಿನವರಿಗೆ ಕೊಲೆ, ಸೇಡಿನ ಕಥೆಗಳೇ ನೆನಪಾಗುತ್ತವೆ. ಇಂಥ ಮಾಸ್ತರರನ್ನು ಹೆತ್ತ ಸೀಮೆಯೂ ಇದೇ ಎಂದು ನಾವಾದರೂ ನೆನಪಿಡೋಣ.

ಇನ್ನು ಕೋಚಿಂಗ್ ಕ್ಲಾಸುಗಳು. ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ ಪರೀಕ್ಷೆಗಾಗಿ ಒಂಬತ್ತು-ಹತ್ತು ವರ್ಷದ ಮಕ್ಕಳನ್ನು ಊರು ಬಿಡಿಸಿ ವಸತಿ ಕ್ಲಾಸಿಗೆ ಹಾಕುವುದು ನಮ್ಮ ಜಿಲ್ಲೆಯಲ್ಲಿ ದೊಡ್ಡ ರೂಢಿ. “ಅಲ್ಲಿ ಭಾಳ ಸ್ಟ್ರಿಕ್ಟ್ ಅದ” ಎಂಬ ಮಾತಿಗೆ ಮರುಳಾಗಿ ಸಾಲ ಮಾಡಿ ಫೀ ಕಟ್ಟುತ್ತೇವೆ. ಸ್ಟ್ರಿಕ್ಟ್ ಎಂದರೆ ಏನು ಎಂದು ಕೇಳಿ. ತಪ್ಪು ಮಾಡಿದ ಮಗುವಿಗೆ ಇಲ್ಲಿ ಏನು ಮಾಡುತ್ತೀರಿ ಎಂದು ಬರೆದು ಕೊಡಲು ಹೇಳಿ. ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ ಮಗುವನ್ನು ತನ್ನ ಸುಪರ್ದಿಯಲ್ಲಿ ಇಟ್ಟುಕೊಂಡ ಯಾರಿಗೂ ಅನ್ವಯಿಸುತ್ತದೆ. ಮಗುವಿನ ಮೇಲೆ ಕ್ರೌರ್ಯ ಎಸಗಿದರೆ ಮೂರು ವರ್ಷದವರೆಗೆ ಸೆರೆಮನೆ, ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ.

ಮಾಸ್ತರರೇ, ಅಕ್ಕೋರೇ, ನಿಮ್ಮ ಕಷ್ಟ ನಮಗೆ ಗೊತ್ತು. ಒಂದೇ ಕೋಣೆಯಲ್ಲಿ ಎರಡು-ಮೂರು ತರಗತಿ, ಖಾಲಿ ಹುದ್ದೆ, ತಡವಾಗಿ ಬರುವ ಅತಿಥಿ ಶಿಕ್ಷಕರು, ಮೇಲೆ ದಿನಕ್ಕೊಂದು ಆನ್‌ಲೈನ್ ಮಾಹಿತಿ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಓ) ಕಚೇರಿಗೆ ಖಾಲಿ ಹುದ್ದೆಯ ಅರ್ಜಿ ಹಿಡಿದು ಹೋಗುವಾಗ ನಾವೂ ಜೊತೆಗೆ ಬರುತ್ತೇವೆ. ನಮ್ಮ ತಪ್ಪನ್ನೂ ತಿದ್ದಿಕೊಳ್ಳುತ್ತೇವೆ. ಜೋಳದ ಸುಗ್ಗಿಗೆ, ಲಿಂಬಿ ಹರಿಯಲು ಮಕ್ಕಳನ್ನು ಸಾಲಿ ಬಿಡಿಸುವುದಿಲ್ಲ. ಮನೆಯಲ್ಲೂ ಬಾರುಕೋಲು ಎತ್ತುವುದಿಲ್ಲ.

ಶಿಸ್ತು ಬೇಡ ಎಂದು ನಾವು ಹೇಳುತ್ತಿಲ್ಲ. ಬೆತ್ತವಿಲ್ಲದೆ ಶಿಸ್ತು ತರಲು ದಾರಿಗಳಿವೆ. ವರ್ಷದ ಮೊದಲ ವಾರ ತರಗತಿಯ ನಿಯಮಗಳನ್ನು ಮಕ್ಕಳಿಂದಲೇ ಹೇಳಿಸಿ, ಅವರ ಕೈಬರಹದಲ್ಲೇ ಗೋಡೆಗೆ ಅಂಟಿಸಿ. ಉತ್ತರ ತಪ್ಪಿದ ಮಗುವಿಗೆ ಹತ್ತು ನಿಮಿಷ ಬಿಟ್ಟು ಇನ್ನೊಂದು ಪಾಳಿ ಕೊಡಿ. ಜಗಳವಾಡಿದ ಇಬ್ಬರನ್ನು ಊಟದ ಹೊತ್ತಿನಲ್ಲಿ ಬೇರೆ ಕರೆದು ಮಾತಾಡಿಸಿ. ಪುಸ್ತಕ ಹರಿದವನು ತಾನೇ ಕೂತು ಅಂಟಿಸಿಕೊಡಲಿ. ಮೂರು ದಿನ ಬಾರದವನ ಮನೆಗೆ ನಾಲ್ಕನೇ ದಿನ ಒಬ್ಬ ಎಸ್‌ಡಿಎಂಸಿ ಸದಸ್ಯ ಹೋಗಲಿ.

ಈಗ ನಿಮ್ಮ ಕೆಲಸ. ಎಸ್‌ಡಿಎಂಸಿಯಲ್ಲಿ ಹೆಚ್ಚಿನವರು ಪಾಲಕರೇ. ಮುಂದಿನ ಸಭೆಗೆ ಹೆಬ್ಬೆಟ್ಟು ಒತ್ತಿ ಬರಲು ಹೋಗಬೇಡಿ, ಕೂತು ಮಾತಾಡಿ. “ನಮ್ಮ ಸಾಲಿಯಲ್ಲಿ ಮಗುವಿನ ಮೇಲೆ ಕೈ ಎತ್ತುವುದಿಲ್ಲ, ಹಂಗಿಸುವುದಿಲ್ಲ, ಗುಳೆಯಿಂದ ಬಂದ ಮಕ್ಕಳಿಗೆ ಬಿಟ್ಟುಹೋದ ಪಾಠವನ್ನು ಮೊದಲು ಹೇಳುತ್ತೇವೆ” ಎಂದು ನಡಾವಳಿ ಪುಸ್ತಕದಲ್ಲಿ ಠರಾವು ಬರೆಸಿ, ಸಹಿ ಹಾಕಿಸಿ. ಅದರ ಪ್ರತಿ ಬಿಇಓ ಕಚೇರಿಗೆ ಹೋಗಲಿ. ದೂರು ಪೆಟ್ಟಿಗೆ ಇಡಿಸಿ, ಅದರ ಕೀಲಿ ಒಬ್ಬ ತಾಯಿಯ ಕೈಯಲ್ಲಿರಲಿ. ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದಾಗ ಈ ವಿಷಯ ಮಕ್ಕಳ ಬಾಯಿಂದಲೇ ಬರಲಿ. ಖಾಸಗಿ ಶಾಲೆಯ ಪಾಲಕರು ಪಾಲಕರ ಸಭೆಯಲ್ಲಿ ಇದನ್ನೇ ಕೇಳಿ, ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಆ ಶಾಲೆಗಳಿಗೂ ಅನ್ವಯ.

ಮಗುವಿಗೆ ಪೆಟ್ಟಾಗಿದ್ದರೆ ಮೊದಲು ಸರ್ಕಾರಿ ದವಾಖಾನೆಗೆ ತೋರಿಸಿ, ಚೀಟಿ ಇಟ್ಟುಕೊಳ್ಳಿ. ದೂರನ್ನು ಸ್ಥಳೀಯ ಪ್ರಾಧಿಕಾರಕ್ಕೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದು ಮೂರು ತಿಂಗಳೊಳಗೆ ತೀರ್ಮಾನ ಕೊಡಬೇಕು, ಇದು ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಂ. ತುರ್ತಿಗೆ ಮಕ್ಕಳ ಸಹಾಯವಾಣಿ 1098, ಹಗಲು-ರಾತ್ರಿ, ದುಡ್ಡಿಲ್ಲದೆ. ಈ ನಂಬರನ್ನು ಇಂದೇ ಮಗುವಿಗೆ ಬಾಯಿಪಾಠ ಮಾಡಿಸಿ.

ಓದಲು ಬಾರದ ನೆರೆಮನೆಯವರಿಗೆ ಇದನ್ನು ಓದಿ ಹೇಳಿ, ಮುಂದಿನ ಸಭೆಗೆ ಅವರನ್ನೂ ಕರೆದುಕೊಂಡು ಬನ್ನಿ.

ಸಾಲಿ ಮಕ್ಕಳ ಪಾಲಕರು, ಇಂಡಿ