ಶರೀಫರ ಪದ ಗಿಟಾರಿಗೆ ಏರಿತು, ನಮ್ಮ ಪದಗಳ ಧಾಟಿ ಎಲ್ಲಿ?

ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಎರಡನೇ ಆಲ್ಬಂ ‘ಜಗ್ ಚಂಗಾ’ ಬಂದದ್ದು 2013ರಲ್ಲಿ. ಅದರಲ್ಲಿ ಶಿಶುನಾಳ ಶರೀಫರ ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತ’ ಎರಡೂ ಇವೆ. ಹತ್ತು ವರ್ಷ ದಾಟಿದರೂ ನಮ್ಮ ಕಡೆ ವಾದ ಮುಗಿದಿಲ್ಲ. ‘ಪದಕ್ಕ ಗಿಟಾರ್ ಯಾಕ್ರಿ, ಕೆಡಿಸಿಟ್ಟಾರ’ ಅಂತಾರೆ ಹಿರಿಯರು. ‘ನಮಗ ಶರೀಫರು ಗೊತ್ತಾಗಿದ್ದೇ ಇದರಿಂದ’ ಅಂತಾರೆ ಹುಡುಗರು.

ನನ್ನ ಮಾತು ಇಷ್ಟೇ: ಪದ ಕೆಟ್ಟಿಲ್ಲ. ನಾವು ಚಿಂತಿಸಬೇಕಾದದ್ದು ಬೇರೆ ಇದೆ.

ಯಾವ ತಂಡಕ್ಕಾದರೂ ಎರಡನೇ ಆಲ್ಬಂ ಕಷ್ಟದ್ದು. ಮೊದಲನೆಯದರಲ್ಲಿ ವರ್ಷಗಟ್ಟಲೆ ಹಾಡಿ ಹದ ಮಾಡಿದ ಹಾಡು ಇರುತ್ತವೆ. ಎರಡನೆಯದಕ್ಕೆ ಜನ ಕಾಯುತ್ತ ಕೂತಿರುತ್ತಾರೆ. ಈ ತಂಡದ ಮೊದಲ ಆಲ್ಬಂ 2008ರಲ್ಲಿ ಬಂತು. 2010ರಲ್ಲಿ ಬಿಬಿಸಿ ಟಿವಿಯಲ್ಲಿ ಹಾಡಿದರು, 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆ ಹೊಸಬರ ಪ್ರಶಸ್ತಿ ಕೊಟ್ಟಿತು. ಇಷ್ಟೆಲ್ಲ ಆದಮೇಲೂ ಐದು ವರ್ಷ ಬಿಟ್ಟು ಬಂದ ಆಲ್ಬಂನಲ್ಲಿ ಮತ್ತೆ ಶರೀಫರ ಹತ್ತಿರವೇ ಹೋದರು. ನನಗೆ ಅದು ಮೆಚ್ಚುಗೆಯಾದ ಸಂಗತಿ.

ಹಿರಿಯರು ‘ಅಸಲಿ’ ಅನ್ನುವುದು ಬಹುತೇಕ ಸಿ. ಅಶ್ವಥ್ ಅವರ ದನಿ. 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಅದನ್ನು ಮನೆಮನೆಗೆ ಮುಟ್ಟಿಸಿತು. ಆದರೆ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಸ್ವಂತ ದನಿ ನಾವು ಯಾರೂ ಕೇಳಿಲ್ಲ. ಅಶ್ವಥ್ ಕೂಡ ತಮ್ಮ ಕಾಲದವರಿಗೆ ತಮ್ಮ ರೀತಿಯಲ್ಲಿ ಹಾಡಿದರು. ಈಗ ಇವರು ಹಾಡಿದ್ದಾರೆ.

ಈಗ ದೂರದ ಒಂದು ಉದಾಹರಣೆ ನೋಡ್ರಿ. 1960ರ ದಶಕದಲ್ಲಿ ಅಮೆರಿಕದ ಹುಡುಗರು ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ ಗಿಟಾರ್, ಡ್ರಮ್ ಬಾರಿಸಿದರು. ಮುಂದೆ ಅದಕ್ಕೆ ಗ್ಯಾರೇಜ್ ರಾಕ್ ಅಂತ ಹೆಸರಾಯಿತು. ಅದೇ ಸಾಲಿನ ವೈಟ್ ಸ್ಟ್ರೈಪ್ಸ್ ಅನ್ನುವ ಇಬ್ಬರ ತಂಡ ಡೆಟ್ರಾಯ್ಟ್ ಊರಿನದು. 2000ದಲ್ಲಿ ಬಂದ ಎರಡನೇ ಆಲ್ಬಂ ‘ಡೆ ಸ್ಟೈಲ್’ ಅನ್ನು ಅವರು ಮನೆಯ ಹಾಲ್‌ನಲ್ಲೇ ರೆಕಾರ್ಡ್ ಮಾಡಿದರು. ಬ್ಲೈಂಡ್ ವಿಲ್ಲಿ ಮೆಕ್‌ಟೆಲ್ ಎಂಬ ಹಳೆಯ ಕರಿಯ ಹಾಡುಗಾರನ ಪದವನ್ನು ಅದರಲ್ಲಿ ಹಾಡಿದರು. ಎಪ್ಪತ್ತು ವರ್ಷದ ಮೇಲೆ ಅದು ಹೇಗೆ ಸಾಧ್ಯವಾಯಿತು? 1927ರಿಂದಲೇ ಆತನ ದನಿ ರೆಕಾರ್ಡ್ ಆಗಿತ್ತು.

ನಮ್ಮ ಜಿಲ್ಲೆಗೆ ಬರೋಣ. ಕಡಕೋಳ ಮಡಿವಾಳಪ್ಪ, ಅವರ ಶಿಷ್ಯ ಚನ್ನೂರ ಜಲಾಲಸಾಬ ನಮ್ಮವರು. ಅವರ ತತ್ವಪದಗಳು ಪುಸ್ತಕವಾಗಿ ಬಂದಿವೆ. ಆದರೆ ಪುಸ್ತಕದಲ್ಲಿ ಮಾತು ಇರುತ್ತದೆ, ಧಾಟಿ ಇರುವುದಿಲ್ಲ. ಧಾಟಿ ಇರುವುದು ಭಜನಿ ಮೇಳದ ಮುದುಕರ ಗಂಟಲಲ್ಲಿ. ಅವರು ಹೋದರೆ ಅದೂ ಹೋಯಿತು. ಆಮೇಲೆ ನಾಳೆಯ ಬ್ಯಾಂಡ್ ಹುಡುಗರು ಕೆಡಿಸಲಿಕ್ಕೂ ಏನೂ ಉಳಿದಿರುವುದಿಲ್ಲ!

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಹುಡುಗರೇ, ಸ್ಟುಡಿಯೋ ಬೇಕಿಲ್ಲ. ನಮ್ಮ ಗ್ಯಾರೇಜು ಗುಡಿ ಕಟ್ಟೆಯೇ. ಭಜನಿ ಮುಗಿದ ಮೇಲೆ, ಗದ್ದಲ ಕಡಿಮೆ ಇರುವಾಗ, ಹಿರಿಯರನ್ನು ಕೇಳಿಕೊಂಡು ಕೂಡಿಸಿರಿ. ಫ್ಯಾನ್ ಆಫ್ ಮಾಡಿರಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಹಾಡುವವರಿಂದ ಎರಡು ಮೊಳ ದೂರ ಇಡಿರಿ. ಏಕತಾರಿ ಹತ್ತಿರ ಇರಲಿ, ತಾಳ ಹಿಂದೆ ಹೋಗಲಿ, ಇಲ್ಲದಿದ್ದರೆ ತಾಳವೇ ಎಲ್ಲ ನುಂಗುತ್ತದೆ. ಹಾಡುವ ಮೊದಲು ಅವರ ಬಾಯಿಂದಲೇ ಹೆಸರು, ಊರು, ಪದ ಯಾರದು, ಯಾರಿಂದ ಕಲಿತರು ಎಂದು ಹೇಳಿಸಿರಿ. ವಾಟ್ಸಾಪಿನಲ್ಲಿ ಹಾಕಿ ಮರೆಯಬೇಡಿರಿ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಇರಲಿ. ಊರ ಹೊರಗೆ ಹಂಚುವ ಮುನ್ನ ಹಾಡಿದವರ ಒಪ್ಪಿಗೆ ಕೇಳಿರಿ.

ಆಮೇಲೆ ಯಾರು ಬೇಕಾದರೂ ಗಿಟಾರ್ ಹಚ್ಚಲಿ, ಡ್ರಮ್ ಬಾರಿಸಲಿ. ಚೊಲೋ ಆದರೆ ಕೇಳೋಣ, ಆಗದಿದ್ದರೆ ಬಿಡೋಣ. ಈ ಸುಗ್ಗಿ ಮುಗಿಯುವುದರೊಳಗೆ ನಿಮ್ಮೂರ ಒಬ್ಬ ಹಿರಿಯರ ಐದು ಪದವಾದರೂ ರೆಕಾರ್ಡ್ ಆಗಲಿ.